ಹಾಲೋ ಮಸಾಲೆಯೋ

ಕಸಮೀನಿನ ರಾಶಿಯಡಿ ಅದು ಹೊರಳಿದಾಗ
ಮೊದಲು ಹಿಂದೆ ಸರಿದದ್ದು ವಾಸು ಮೆಂಡನ್,
ಇಪ್ಪತ್ತು ವರ್ಷ ಆಳಸಮುದ್ರದ ಬೋಟಿನಲ್ಲಿದ್ದವನು.
"ಹಾವು!"
ಅಪ್ಪಿಯಕ್ಕ ನಕ್ಕಳು: "ಹಾವಿಗೆ ಕಿವಿರು ಉಂಟೋ ಮಾರಾಯ?"
"ಎಲ್ಲುಂಟು, ತೋರಿಸು."
ತೋರಿಸಿದಳು. ತಲೆಯ ಹಿಂದೆ
ಅಂಗಿಯ ಗುಂಡಿ ತೂರುವಷ್ಟು ಒಂದು ತೂತು.

ಮಲ್ಪೆ, ಬೆಳಗಿನ ನಾಲ್ಕೂವರೆ.
ಟ್ಯೂಬ್‌ಲೈಟಿನ ಕೆಳಗೆ ಏಳು ಜನ ನಾವು ಕುಕ್ಕರಗಾಲಲ್ಲಿ.
ಮದಿಮಾಲ್ ಒಂದು ಬುಟ್ಟಿಗೆ, ಬೊಂಡಾಸ್ ಇನ್ನೊಂದಕ್ಕೆ,
ಪಾಂಬೋಲು ಮುರಿಯದ ಹಾಗೆ ಐಸಿನ ಪೆಟ್ಟಿಗೆಗೆ,
ಹೆಸರು ಗೊತ್ತಿಲ್ಲದ್ದೆಲ್ಲ ಹಿಂದಕ್ಕೆ.
ಅದಕ್ಕೆ ಕಿಲೋ ಲೆಕ್ಕ, ಮೀನಿನ ಹುಡಿಯ ಲಾರಿ.

ಇದಕ್ಕೆ ಹೆಸರಿತ್ತು, ಅದೇ ತೊಂದರೆ.
ಹಾವುಮೀನು.

ನನ್ನ ತೋಳಿಗಿಂತ ಉದ್ದ. ಚಿಪ್ಪಿಲ್ಲ.
ಕಂದು ಮೈಮೇಲೆ ಒಗೆದು ಒಗೆದು ಮಾಸಿದಂಥ ಚುಕ್ಕೆ,
ಬೆನ್ನಿನುದ್ದಕ್ಕೂ ಒಂದೇ ಈಜುರೆಕ್ಕೆ
ಲಂಗದ ಅಂಚಿಗೆ ಹೊಲಿದ ಫ್ರಿಲ್ಲಿನ ಹಾಗೆ.

"ಇವತ್ತು ಷಷ್ಠಿ," ಅಂದಳು ಪದ್ದು.
ಎಲ್ಲರ ಕೈ ನಿಂತಿತು.
"ಹಾವಾದರೆ ಹಾಲು, ಮೀನಾದರೆ ಮಸಾಲೆ,
ಬೇಗ ಒಂದು ಹೇಳಿ," ಅಂದ ರೈಟರ್ ಬಾಬಣ್ಣ
ಪುಸ್ತಕದಿಂದ ತಲೆಯೆತ್ತದೆ,
"ನಾನು ಯಾವ ಕಾಲಮ್ಮಿನಲ್ಲಿ ಬರೆಯಲಿ?"

ಒಬ್ಬಳು ಬಾಲ ನೋಡೆಂದಳು, ಒಬ್ಬಳು ಹಲ್ಲು.
ಅದರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು,
ತೆರೆಯುತ್ತಿತ್ತು.
"ನೋಡಿ ಅದರ ಸಿಟ್ಟು," ಅಂದ ವಾಸು ದೂರದಿಂದಲೇ.

ಸಿಟ್ಟು ನನಗೆ ಗೊತ್ತು.
ಮೂವತ್ತು ವರ್ಷ ಒಬ್ಬನ ಜೊತೆ ಸಂಸಾರ ಮಾಡಿದ್ದೇನೆ.
ಸಿಟ್ಟಿಗೆ ಅಷ್ಟು ತಾಳ ಇರುವುದಿಲ್ಲ.
ಅದು ಉಸಿರು.
ಬಕೆಟಿನಲ್ಲಿ ನೀರು ತರುತ್ತೇನೆ ಅಂದೆ.
ಅಂದದ್ದಷ್ಟೆ. ಬಕೆಟಿನ ತುಂಬ ಬೊಂಡಾಸಿನ ಮಸಿ,
ಕೈಯಲ್ಲಿ ಇನ್ನೂ ಅರ್ಧ ಬುಟ್ಟಿ ಕೆಲಸ.

ಹಾಲು ಯಾರೂ ತರಲಿಲ್ಲ. ಮಸಾಲೆ ಯಾರೂ ಅರೆಯಲಿಲ್ಲ.
ಬೆಳಕು ಹರಿಯುವಷ್ಟರಲ್ಲಿ
ವಾದ ತನ್ನಷ್ಟಕ್ಕೆ ಮುಗಿದಿತ್ತು, ಬಾಯಿ ತೆರೆದೇ ಇತ್ತು.
ಬಂದರಿನ ಬೆಕ್ಕು ಮೂಸಿ ನೋಡಿ ಹೋಯಿತು, ಅದಕ್ಕೂ ಸಂಶಯ.
ಬಾಬಣ್ಣ ಬರೆದ: ಇತರೆ, ಒಂದೂಕಾಲು ಕಿಲೋ.

ಎಂಟು ಗಂಟೆಗೆ ಲಾರಿ ಹೊರಟಿತು.
ಹಿಂಬಾಗಿಲಿಂದ ಸೋರಿದ ನೀರು
ಡಾಮರಿನ ಮೇಲೆ ಸಪೂರಕ್ಕೆ, ಉದ್ದಕ್ಕೆ,
ತಿರುವಿನಲ್ಲಿ ಬಳುಕಿ,
ಹಂಪಿನ ಹತ್ತಿರ ಕೊಂಚ ದಪ್ಪವಾಗಿ,
ಕಲ್ಮಾಡಿಯ ಕಡೆಗೆ.

ನನ್ನ ಬಸ್ಸು ಆಚೆ ಬದಿಯಲ್ಲಿ.
ಅದನ್ನು ದಾಟಲಾರದೆ
ಈಚೆಯೇ ನಿಂತಿದ್ದೆ,
ಬಿಸಿಲಿಗೆ ಅದು
ಬಾಲದ ಕಡೆಯಿಂದ ಒಣಗುತ್ತ ಬರುವವರೆಗೆ.