ರಾತ್ರಿ ಪಾಳಿಯ ರೈಟರ್

ಬಸ್ ಸ್ಟ್ಯಾಂಡ್ ಹಿಂದಿನ ಲಾಡ್ಜಿನಿಂದ
ನಾಲ್ವರನ್ನು ತಂದು ಬೆಂಚಿನ ಮೇಲೆ ಕೂರಿಸಿದ್ದರು.
ಮುಖಕ್ಕೆ ಸೆರಗು, ಕಾಲಲ್ಲಿ ಚಪ್ಪಲಿಯಿಲ್ಲ.
ಮೇಜಿನ ಮೇಲೆ ಜಪ್ತಿ ಮಾಲು:
ಮೊಬೈಲು ಮೂರು, ನಗದು ಎರಡು ಸಾವಿರದ ನೂರು,
ಕಾಂಡೋಮ್ ಹದಿನಾಲ್ಕು.
ಎಣಿಸಿ ಬರೆಯುತ್ತಿದ್ದೆ. ಬರೆಯುವುದು ನನ್ನ ಕೆಲಸ.

ಒಂದೂವರೆಗೆ ಆಟೋ ನಿಂತ ಸದ್ದು.
ಜಲಜಾಕ್ಷಿ ಬಂದಳು. ಬಂದರು ಅನ್ನಬೇಕು ಈಗ,
ಅವರೇ ಕಲಿಸಿದ್ದು, ಠಾಣೆಗೆಲ್ಲ.
ಒಂದು ಕೈಲಿ ಚಹದ ಫ್ಲಾಸ್ಕು, ಇನ್ನೊಂದರಲ್ಲಿ
ಸೀರೆಯಂಗಡಿಯ ಚೀಲದ ತುಂಬ ಕಾಗದ.
ಮೊದಲು ಬೆಂಚಿಗೆ ಚಹ. ಆಮೇಲೆ ನನಗೆ.
ಸಾಹೇಬರಿಗೆ ಕೊಡಲಿಲ್ಲ.

"ಕಾಂಡೋಮ್ ಸಾಕ್ಷಿ ಅಂತ ಬರೀಬೇಡಿ ರೈಟ್ರೇ,
ನಾಳೆಯಿಂದ ಯಾರೂ ಇಟ್ಕೊಳಲ್ಲ.
ಆಮೇಲೆ ಇವರನ್ನ ಕರ್ಕೊಂಡು
ಮೆಗ್ಗಾನ್ ಆಸ್ಪತ್ರೆ ಸಾಲಲ್ಲಿ ನಿಲ್ಲೋಳು ನಾನು,
ನಿಮ್ಮ ಪೆನ್ನಲ್ಲ."

ಸಾಹೇಬರು ನಕ್ಕರು. "ಹದಿನಾರಕ್ಕೆ ನಿನ್ನನ್ನೇ
ಮಿರಜಿಗೆ ಮಾರಿದ್ರಂತಲ್ಲ ಜಲಜಮ್ಮ,
ಈ ದಂಧೆ ಮುಚ್ಚಿಸಿ ಅನ್ನೋದು ಬಿಟ್ಟು..."

ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು, ನಿಧಾನ.
"ಹೊಳೆಗೆ ತಳ್ಳಿದವನ ಹೆಸರು ಬರ್ಕೊಳ್ಳಿ ಸಾರ್.
ಇಪ್ಪತ್ತಾರು ವರ್ಷದಿಂದ ಹೇಳ್ತಾ ಇದೀನಿ,
ಊರು, ಮನೆ, ಅವನಪ್ಪನ ಹೆಸರು ಸಮೇತ.
ನೀರಲ್ಲಿ ಕೈ ಬಡೀತಿರೋಳ ತಲೆ ಮೇಲೆ ಲಾಠಿ ಯಾಕೆ?
ಈ ನಾಲ್ವರಲ್ಲಿ ಯಾರನ್ನ ತಳ್ಳಿದಾರೆ,
ಯಾರು ತಾವೇ ಇಳಿದಿದಾರೆ,
ಒಬ್ಬೊಬ್ಬರನ್ನೇ ಕೇಳಬೇಕು. ಕೇಳಿದೀರಾ?"

ಕೇಳಿರಲಿಲ್ಲ.
ಸಾಹೇಬರಿಗೆ ಫೋನು ಬಂತು, ಅಥವಾ
ಬಂದ ಹಾಗೆ ಎದ್ದು ಹೊರಗೆ ಹೋದರು.

ಆಗ ಚೀಲದಿಂದ ಒಂದು ಹಾಳೆ
ನನ್ನ ಕಡೆ ತಿರುಗಿಸಿಟ್ಟರು.
ಮಾಹಿತಿ ಹಕ್ಕಿನಲ್ಲಿ ಪಡೆದ ನಕಲು,
ಆನಂದಪುರ ಠಾಣೆಯ ಹಳೆಯ ಪುಸ್ತಕ:
ಅರ್ಜಿದಾರ ತಿಮ್ಮಪ್ಪ, ಕೂಲಿ. ಮಗಳು ಕಾಣೆ.
ಹುಡುಗಿ ಸ್ವಇಚ್ಛೆಯಿಂದ ಹೋದಂತಿದೆ. ಮುಕ್ತಾಯ.

ನಾನಾಗ ಹೊಸ ಪೇದೆ.
ಆ ಮನುಷ್ಯ ಮೂರು ದಿನ ಸೈಕಲ್ ಸ್ಟ್ಯಾಂಡಿನಲ್ಲಿ ಕೂತಿದ್ದ,
ಏಳನೇ ಕ್ಲಾಸಿನ ಗ್ರೂಪ್ ಫೋಟೋ ಹಿಡಿದು,
ಮಗಳ ಮುಖದ ಸುತ್ತ ನೀಲಿ ಶಾಯಿಯಲ್ಲಿ ಒಂದು ಸುತ್ತು.
ಬರೆಸಿದ್ದು ಮೇಲಿನವರು.
ಬರೆದದ್ದು ನಾನು.
ಆ 'ಸ್ವ' ನೋಡಿ, ಎಷ್ಟು ದುಂಡಗಿದೆ.

"ಕೈಬರಹ ಚೆನ್ನಾಗಿದೆ ರೈಟ್ರೇ," ಅಂದರು.
"ಆಗಲೂ."

ಹಾಳೆ ಮಡಚಿ ಒಳಗಿಟ್ಟುಕೊಂಡರು.
ನನ್ನ ಲೋಟದಲ್ಲಿ ಚಹ ಕೆನೆಗಟ್ಟಿತ್ತು.
ಬರೆದದ್ದನ್ನು ಹೊಡೆದು ಹಾಕುವಂತಿಲ್ಲ ರಿಜಿಸ್ಟರಿನಲ್ಲಿ,
ಕೆಳಗೆ ಒಂದು ಗೆರೆ ಎಳೆದು
ಬೆಂಚಿನ ತುದಿಯವಳನ್ನು ಕೇಳಿದೆ:
"ನೀವು ಹೇಳಿ ತಾಯಿ, ಏನಂತ ಬರೆಯಲಿ?"

ಅವಳು ಜಲಜಾಕ್ಷಿಯವರ ಮುಖ ನೋಡಿದಳು,
ಆಮೇಲೆ ನನ್ನ ಪೆನ್ನು.
"ಅದು ಇರಲಿ ಸಾರ್," ಅಂದಳು,
"ಮೊದಲು ನಮ್ಮ ಚಪ್ಪಲಿ ಕೊಡಿಸಿ.
ನೆಲ ತಣ್ಣಗಿದೆ."