ಇನ್, ಆನ್, ಅಂಡರ್

ಅರಸೀಕೆರೆ ಜಂಕ್ಷನ್ನಿನ ಹಿಂದೆ, ಕೊಬ್ಬರಿ ಮಂಡಿಯ ಮೇಲಿನ ರೂಮು.
ಬೆಳಗಿನ ಜಾವ ನಾಲ್ಕೂಮುಕ್ಕಾಲು.
ವಿಯೆಟ್ನಾಮಿನಲ್ಲಿ ಆಗಲೇ ಆರೂಕಾಲು.
ಶಾಲೆಗೆ ಹೊರಡುವ ಮುಂಚೆ ಮಕ್ಕಳು ಅರ್ಧ ಗಂಟೆ ಸಿಗುತ್ತಾರಂತೆ,
ಪಾಠ ಮಾಡಿ ತೋರಿಸಬೇಕಂತೆ,
ಆಮೇಲೆ ನೋಡೋಣವಂತೆ.

ಈ ಅರ್ಧ ಗಂಟೆಗೆ ಬಂದು ಮುಟ್ಟಲು ಹದಿನಾಲ್ಕು ತಿಂಗಳು.

ಮೊದಲ ಜಾಹೀರಾತು ಮುಚ್ಚುಮರೆ ಮಾಡಲಿಲ್ಲ:
ಇಂಗ್ಲಿಷ್ ತಾಯ್ನುಡಿಯವರು ಮಾತ್ರ.
ಎರಡನೆಯದು ಮೆತ್ತಗಿತ್ತು, ಏಳು ದೇಶಗಳ ಹೆಸರು ಹೇಳಿ
ಇವುಗಳ ಪಾಸ್‌ಪೋರ್ಟ್ ಇದ್ದರೆ ಒಳ್ಳೆಯದು ಎಂದಿತು.
ಮೂರನೆಯದು ಫೋಟೋ ಕೇಳಿತು.
ಕಳಿಸಿದೆ.
ಅಲ್ಲಿಗೆ ಮುಗಿಯಿತು.

ನಾಲ್ಕನೆಯದರ ಅರ್ಜಿಯಲ್ಲಿ ತಾಯ್ನುಡಿಗೆಂದೇ ಒಂದು ಪಟ್ಟಿ,
ಬೆರಳಿಟ್ಟರೆ ಬಾವಿಗೆ ಬಿಟ್ಟ ಹಗ್ಗದಂತೆ ಇಳಿಯುತ್ತಲೇ ಹೋಗುತ್ತದೆ
ಅಲ್ಬೇನಿಯನ್ನಿನಿಂದ ಜುಲುವಿನ ತನಕ.
ಕನ್ನಡ ಇತ್ತು.
ಯಾಡಿ ನನ್ನನ್ನು ಬೈಯುವ ಭಾಷೆ ಇರಲಿಲ್ಲ.
ನಮ್ಮ ತಾಂಡಾದ ನೂರಾ ಹನ್ನೊಂದು ಮನೆ
ಅದರಲ್ಲೇ ಜಗಳ ತೆಗೆದು ಅದರಲ್ಲೇ ರಾಜಿಯಾಗುತ್ತವೆ.
'ಇತರೆ' ಒತ್ತಿದೆ.

ಉಪನಾಮ ಕಡ್ಡಾಯ ಅಂದಿತು ಅರ್ಜಿ.
ಅಂಕಪಟ್ಟಿಯಲ್ಲಿ ನಾನು ಎಲ್. ಸೋನಾಬಾಯಿ.
ಎಲ್ ಅಂದರೆ ಲೋಕ್ಯಾನಾಯ್ಕ, ನಮ್ಮಪ್ಪ,
ಒಂದಕ್ಷರದೊಳಗೆ ಮುದುರಿಕೊಂಡು ಕೂತವನು.
ಅವನನ್ನು ಎಬ್ಬಿಸಲು ಮನಸ್ಸಾಗದೆ
ಹೆಸರಿನ ಬಾಲವನ್ನೇ ಕತ್ತರಿಸಿ ಆ ಕಡೆ ಇಟ್ಟೆ.
ಹೈಫಾಂಗಿನ ಕಡತದಲ್ಲಿ ಈಗ ನಾನು ಮಿಸ್ ಬಾಯಿ.
ಕನ್ನಡದಲ್ಲಿ ಬಾಯಿ ಅಂದರೇನೆಂದು ಅವರಿಗೆ ತಿಳಿಯದು,
ಅವರಿಗೆ ಬೇಕಾಗಿರುವುದು ಮಾತ್ರ ಅದೇ.

ಪೊಲೀಸ್ ಪತ್ರಕ್ಕೆ ಠಾಣೆಗೆ ಮೂರು ಸಲ ಹೋದೆ.
ರೈಟರ್ ವೃಷಭೇಂದ್ರಪ್ಪ ಪೆನ್ನು ಕೆಳಗಿಟ್ಟು ಕೇಳಿದರು:
"ಇಂಗ್ಲಿಷ್ ಕಲಿಸೋಕೆ ಅಲ್ಲೀತನಕ ಯಾಕಮ್ಮ,
ಇಲ್ಲಿರೋರಿಗೆಲ್ಲ ಬಂದುಬಿಡ್ತಾ?"
ಇಲ್ಲಿ ಕಲಿಸಿದರೆ ಒಂಬತ್ತು ಸಾವಿರ ಸಾರ್,
ಅದೂ ತಿಂಗಳು ಬಿಟ್ಟು ತಿಂಗಳು.
ಅವರು ಸೀಲು ಒತ್ತಿದರು.

ಯಾಡಿ ಕೇಳಿದ್ದು ಒಂದೇ ಪ್ರಶ್ನೆ, ರೊಟ್ಟಿ ಮಗುಚುತ್ತಾ:
ಅವರಿಗೆ ಅದು ಬರಲ್ಲ, ನಿನಗೆ ಅದು ನಿನ್ನದಲ್ಲ,
ಮಧ್ಯೆ ಅದು ಯಾರದು?
ಎಂ.ಎ. ಓದಿದವಳು ನೀರು ಕುಡಿದು ಮಲಗಿದೆ.

ಈಗ ಪರದೆಯಲ್ಲಿ ಆರು ಮುಖಗಳು.
ಮೂಲೆಯ ಚೌಕದಲ್ಲಿ ಮೇಡಂ ಹಾ, ನೋಟ್‌ಬುಕ್ಕಿನೊಂದಿಗೆ.
ನನ್ನ ಮುಂದೆ ಸ್ಟೀಲಿನ ಡಬ್ಬಿ,
ಕೆಳಗಿನ ಮಂಡಿಯ ಷಡಕ್ಷರಿಯಿಂದ ಕಡ ತಂದ ತೆಂಗಿನಕಾಯಿ.
ಇವತ್ತಿನ ಪಾಠ: ಇನ್, ಆನ್, ಅಂಡರ್.

ನಮ್ಮಲ್ಲಿ ಮೊದಲು ಡಬ್ಬಿ, ಆಮೇಲೆ ಒಳಗೆ.
ಏನೆಂದು ಗೊತ್ತಾದ ಮೇಲಷ್ಟೆ
ಮೇಲೋ, ಕೆಳಗೋ, ಒಳಗೋ.
ಇಂಗ್ಲಿಷಿನವರು ಮೊದಲು ಒಳಗೆ ಕಾಲಿಡುತ್ತಾರೆ,
ಯಾವುದರ ಒಳಗೆಂದು ಆಮೇಲೆ ಹೇಳುತ್ತಾರೆ.
ಇತಿಹಾಸದ ಪುಸ್ತಕದಲ್ಲಿ ಇದನ್ನು ಓದಿದ್ದೆ,
ವ್ಯಾಕರಣದಲ್ಲೂ ಇದೆಯೆಂದು ಇವತ್ತೇ ಗೊತ್ತಾದದ್ದು.

ಕಾಯಿ ಡಬ್ಬಿಯೊಳಗೆ ಹಿಡಿಸಲಿಲ್ಲ.
ತಲೆಯ ಮೇಲಿಟ್ಟುಕೊಂಡೆ. ಆನ್!
ಮೇಜಿನಡಿ ನಾನೇ ತೂರಿದೆ. ಅಂಡರ್!
ಆರೂ ಮಕ್ಕಳು ಕಿಸಕ್ಕೆಂದರು.
ಅಷ್ಟರಲ್ಲಿ ಕಿಟಕಿಯಿಂದ ಯಾತ್ರಿಗಳ ಗಮನಕ್ಕೆ,
ಮೂರು ಭಾಷೆಯಲ್ಲಿ, ಯಾವುದೋ ರೈಲು ಎಂದಿನಂತೆ ತಡ.

ಆ ಗಾಡಿಗಳ ಕಿಟಕಿಗಳನ್ನು ಎಣಿಸಿಯೇ ನಾನು
ಒನ್ ಟು ತ್ರೀ ಕಲಿತದ್ದು.
ಅದನ್ನು ಅರ್ಜಿಯ 'ಅನುಭವ'ದಲ್ಲಿ ಬರೆಯಲಿಲ್ಲ.

ಮೇಡಂ ಹಾ ಮೃದುವಾಗಿ ಹೇಳಿದರು,
ಉಚ್ಚಾರ ಸ್ವಲ್ಪ ತಿದ್ದಿಕೊಳ್ಳಬೇಕು,
ಸಂಬಳ ಹೊರಗಿನವರ ದರದಲ್ಲಿ,
ಶುಕ್ರವಾರ ತಿಳಿಸುತ್ತೇವೆ.
ಹೊರಗಿನವರು ಅಂದರೆ ದೇಶದ ಹೊರಗಿನವರಲ್ಲ,
ಭಾಷೆಯ ಹೊರಗಿನವರು.

ಒಂದೊಂದೇ ಮುಖ ಆರಿಹೋಯಿತು.
ಮುಂದಿನೆರಡು ಹಲ್ಲು ಬಿದ್ದ ಲಾನ್ ಎಂಬ ಹುಡುಗಿ ಮಾತ್ರ
ಪರದೆಗೆ ಮೂಗು ಹಚ್ಚಿ ಇನ್ನೊಮ್ಮೆ ಹೇಳಿದಳು:
ಕೋಕನಟ್ಟು.

ಕೊನೆಯ ಟ್‌ಗೆ ಅಂಟಿದ ಆ ಉಕಾರ ನನ್ನದು,
ಬಸ್ಸು ಬುಕ್ಕು ಕಾರುಗಳಿಗೆ ನಾವು ಹಚ್ಚಿಕೊಂಡು ಬಂದದ್ದು.
ತಿದ್ದಬೇಕಿತ್ತು.
ವೆರಿ ಗುಡ್ ಎಂದೆ.

ಕೆಳಗೆ ಮಂಡಿಯ ಷಟರ್ ಏಳುವ ಸದ್ದು,
ಮೆಟ್ಟಿಲ ಬುಡದಿಂದ ಷಡಕ್ಷರಿ:
"ಮೇಡಂ, ನನ್ ಕಾಯಿ ಎಲ್ಲಿ?"