ಜವರಮ್ಮನ ಏಳನೆಯ ಅಕ್ಷರ

ಹಾಸನಾಂಬೆ ಬಾಗಿಲು ತೆರೆಯಲು ಇನ್ನೊಂಬತ್ತು ದಿನ.
ಅಷ್ಟರೊಳಗೆ ಬೋನಸ್ ಬಟವಾಡೆ ಮುಗೀಬೇಕು
ಎಂದಿದ್ದಾರೆ ಲೋಬೋ ಸಾರ್.
ಬಿ.ಎಂ. ರಸ್ತೆಯ ಕಾಫಿ ಕ್ಯೂರಿಂಗಿನಲ್ಲಿ
ಬೀಜ ಹೆಕ್ಕುವ ನಲವತ್ತಮೂರು ಹೆಂಗಸರು,
ಅವರೆಲ್ಲರ ಹೆಸರಿಗೆ ಒಂದು ಫೈಲು,
ಇಪ್ಪತ್ತು ಸಾಲಿನ ನನ್ನ ಕೋಡು.

ಎಡಿಟರಿನ ಮೇಲರ್ಧದಲ್ಲಿ ಎಲ್ಲರೂ ಇದ್ದಾರೆ,
ಕೊಂಬು, ಇಳಿ, ಒತ್ತು ಸಮೇತ
ಗೋಣಿ ಹಾಸಿ ಸಾಲಾಗಿ ಕೂತ ಹಾಗೆ.
ರನ್ ಒತ್ತಿದೆ.
ಕೆಳಗಿನ ಕಿಟಕಿಗೆ ದ್ಯಾವಮ್ಮ ಬಂದದ್ದು ಹೀಗೆ:
????????
ಅವಳ ಬೆನ್ನಿಗೇ ಗಿಡ್ಡಮ್ಮ:
????????

ಎಣಿಸಿದೆ. ನಮ್ಮ ಬಾಯಿಗೆ ಮೂರಕ್ಷರ,
ಯಂತ್ರದ ಲೆಕ್ಕಕ್ಕೆ ಎಂಟು:
ದಕಾರ ಬೇರೆ, ಅದರ ಸ್ವರ ಕಿತ್ತ ಗುರುತು ಬೇರೆ,
ಯಕಾರ ಬೇರೆ, ಅದರ ಇಳಿ ಬೇರೆ.
ಕೂರುವ ಜಾಗಕ್ಕೆ ಜಗಳವಾಡಿ
ಮೂರು ವರ್ಷದಿಂದ ಮಾತು ಬಿಟ್ಟ ಇಬ್ಬರನ್ನೂ
ಒಂದೇ ಮಾಡಿ ನಿಲ್ಲಿಸಿತ್ತು.

ಹದಿನಾರು ವರ್ಷ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಕೂರಿಸಿದವಳು ನಾನು.
ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದ
ಅರಸೀಕೆರೆಯ ಮದುಮಗಳೊಬ್ಬಳು
ಡಾಲರು, ಶೇಕಡಾ ಆಗಿ ಒಡೆದದ್ದನ್ನು ಕಂಡವಳು.
ಆಗ ಕೆಟ್ಟದ್ದಾದರೂ ಏನೋ ಒಂದು ಬರುತ್ತಿತ್ತು.
ಇದು ಬರೀ ಪ್ರಶ್ನೆ.

ಅದೇ ಫೈಲನ್ನು, ಅದೇ ಕೋಡನ್ನು
ಹೊರಗೆ ಕಪ್ಪು ಟರ್ಮಿನಲ್‌ನಲ್ಲಿ ಓಡಿಸಿದೆ.
ಎಲ್ಲರೂ ನೆಟ್ಟಗೆ ಬಂದರು.
ಅಂದರೆ ಹೆಸರು ಕೆಟ್ಟಿಲ್ಲ,
ಎಡಿಟರು ಹಾಜರಿ ಕೂಗುವ ಬಾಯಿ ಸರಿಯಿಲ್ಲ.
ಯುಟಿಎಫ್-೮ ಎಂದು ಅದಕ್ಕೆ ಯಾರೂ ಹೇಳಿರಲೇ ಇಲ್ಲ.
ಸೆಟ್ಟಿಂಗಿನಲ್ಲಿ ಒಂದು ಸಾಲು ಬರೆದೆ. ರನ್.
ದ್ಯಾವಮ್ಮ ದ್ಯಾವಮ್ಮನಾದಳು.
ಗಿಡ್ಡಮ್ಮ ಮುಖ ತಿರುಗಿಸಿದಳು.

ಚಹಾ ತರಿಸಿ ಕುಡಿದ ಮೇಲೆ ಕಂಡದ್ದು:
ಎಲ್ಲರ ಮುಂದೆ ಮೊತ್ತ, ಮೊದಲ ಸಾಲಿನಲ್ಲಿ ಮಾತ್ರ
ಜವರಮ್ಮ, ೦.
ಆ ಪಟ್ಟಿಯಲ್ಲೂ ಜವರಮ್ಮ, ಈ ಪಟ್ಟಿಯಲ್ಲೂ ಜವರಮ್ಮ,
ಇಬ್ಬರೂ ಒಬ್ಬರೇ ಎಂದರೆ ಯಂತ್ರ ಒಪ್ಪದು.

ಕಿಟಕಿಗೆ ಬಂದಳು, ಬೆರಳ ನಡುವೆ ಒಂದು ಬೀಜ.
ಪರದೆ ತೋರಿಸಿದೆ. "ನನ್ ಹೆಸ್ರೇಯ, ಸರಿಯಾಗೇ ಐತಲ್ಲ."
ಬೀಜ ತಿರುಗಿಸುತ್ತ ಅಂದಳು,
"ನೋಡಕ್ಕೆ ಎಲ್ಲಾ ಒಂದೇ ಕಣವ್ವ.
ಜಳ್ಳು ಕಣ್ಣಿಗೆ ಸಿಕ್ಕಲ್ಲ, ತೂಗ್ಬೇಕು."

ಅವಳು ಹೇಳಿದ್ದು ಬೀಜಕ್ಕೆ.
ನಾನು ಹೆಸರು ತೂಗಿದೆ.
ನನ್ನ ಬೆರಳಿಗೆ ಆರು. ಯಂತ್ರಕ್ಕೆ ಏಳು.

ಫೈಲಿನ ಹೊಸ್ತಿಲಲ್ಲೇ ಕಾಣದ ಗುರುತೊಂದು,
ಅಗಲವಿಲ್ಲ, ಉಚ್ಚಾರವಿಲ್ಲ.
ನೋಟ್‌ಪ್ಯಾಡು ಉಳಿಸುವಾಗ ಇಟ್ಟು ಹೋದದ್ದು,
ಇದು ಯುಟಿಎಫ್ ಕಣಮ್ಮ ಎಂದು ಹೇಳಲಿಕ್ಕೇ ಇಟ್ಟದ್ದು;
ಮೊದಲು ನಿಂತ ತಪ್ಪಿಗೆ ಇವಳಿಗೆ ಅಂಟಿತ್ತು.
ಮೊದಲ ಸಾಲಿನ ಪ್ರಶ್ನೆಗಳನ್ನೂ ಎಣಿಸಿದ್ದರೆ
ಬೆಳಗ್ಗೆಯೇ ಸಿಗುತ್ತಿತ್ತು.

ತೆಗೆದೆ. ನಾಲ್ಕು ಸಾವಿರದ ಮುನ್ನೂರು.
"ಏನಿತ್ತವ್ವ ನನ್ ಹೆಸ್ರ ಮುಂದೆ?"
"ಏನೂ ಇರಲಿಲ್ಲ ಜವರಮ್ಮ."
"ಏನೂ ಇಲ್ದಿದ್ದಕ್ಕೆ ನಾಕ್ ಸಾವ್ರ ಹೋಗ್ತಿತ್ತಾ?"

ಬೀಜವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.
ಗಟ್ಟಿಯೋ ಜಳ್ಳೋ ತಿಳಿಯಲಿಲ್ಲ.
ಆಫೀಸಿನ ತಕ್ಕಡಿಗೆ ಹಾಕಿದೆ.
ಹತ್ತು ಗ್ರಾಂ ಕೆಳಗೆ ಅದು ಯಾವುದಕ್ಕೂ
ಸೊನ್ನೆಯನ್ನೇ ತೋರಿಸುತ್ತದೆ.